ಸೋದರಮಾವ ಒಂದು ಕಡೆ, ಅಳಿಯಂದಿರು ಇನ್ನೊಂದು ಕಡೆ

(ಇತಿಹಾಸ ಓದುವ ಗೆಳೆಯರ ಎದುರು ಒಂದು ಸಂಜೆ ಆಡಿದ ಮಾತುಗಳು ಇವು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಮಾತಿನ ಧಾಟಿಯನ್ನು ಹಾಗೇ ಇಟ್ಟಿದ್ದೇನೆ, ಮಧ್ಯೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪ್ಯಾರಿಸ್ಸಿನಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಎಕುವಾಂ ಅನ್ನೋ ಊರು ಸಿಗುತ್ತದೆ. ಅಲ್ಲಿ ಗುಡ್ಡದ ಮೇಲೆ ಒಂದು ದೊಡ್ಡ ಅರಮನೆ ಇದೆ, ಈಗ ಅದು ಮ್ಯೂಸಿಯಂ. ಅದನ್ನು ಕಟ್ಟಿಸಿದವನು ಆನ್ ದ ಮೊಂಮೊರಾನ್ಸಿ. ಗಂಡಸಿಗೆ ಆನ್ ಅಂತ ಹೆಸರಾ ಅಂತ ಕೇಳಬೇಡಿ. ಅವನು ಹುಟ್ಟಿದಾಗ, ಅಂದರೆ 1493ರಲ್ಲಿ, ರಾಣಿ ಆನ್ ಅವನ ಗಾಡ್‌ಮದರ್ ಆದಳು, ತನ್ನ ಹೆಸರನ್ನೇ ಕೊಟ್ಟಳು. ರಾಜಮನೆತನಕ್ಕೆ ಅಷ್ಟು ಹತ್ತಿರದ ಮನೆ ಅದು.

ಈ ಆನ್ ತನ್ನ ಲಾಂಛನದ ಜೊತೆ ಒಂದೇ ಒಂದು ಗ್ರೀಕ್ ಪದ ಇಟ್ಟುಕೊಂಡಿದ್ದ. ಅಪ್ಲಾನೋಸ್. ದಾರಿ ತಪ್ಪದವನು, ಅತ್ತಿತ್ತ ಅಲೆಯದವನು ಅಂತ ಅರ್ಥ. ಇಂಥ ಪದ ಇಟ್ಟುಕೊಂಡ ಮನೆಯವರು ಮುಂದಿನ 70 ವರ್ಷ ಏನೇನು ಮಾಡಿದರು ನೋಡಿ. ಒಬ್ಬ ಕ್ಯಾಥೊಲಿಕ್ ಸೈನ್ಯ ಕಟ್ಟಿಕೊಂಡು ಸ್ವಂತ ಅಳಿಯಂದಿರ ಮೇಲೆ ಯುದ್ಧಕ್ಕೆ ಹೋದ. ಒಬ್ಬ ಕಾರ್ಡಿನಲ್, ಅಂದರೆ ಪೋಪ್ ಕೆಳಗಿನ ದೊಡ್ಡ ಕ್ಯಾಥೊಲಿಕ್ ಧರ್ಮಗುರು, ಆಗಿದ್ದುಕೊಂಡೇ ಪ್ರಾಟೆಸ್ಟೆಂಟ್ ಆದ, ಮದುವೆಯನ್ನೂ ಆದ. ಒಬ್ಬ ಕ್ಯಾಥೊಲಿಕ್ ಆಗಿಯೇ ಉಳಿದು ಪ್ರಾಟೆಸ್ಟೆಂಟರಿಗೆ ನಾಯಕನಾದ, ಎರಡು ವರ್ಷಕ್ಕೆ ಅವರ ಮೇಲೆಯೇ ತಿರುಗಿ ಬಿದ್ದ, ಎಂಟು ವರ್ಷಕ್ಕೆ ಮತ್ತೆ ಅವರ ಜೊತೆ ಸೇರಿದ. ಕೊನೆಯವನ ತಲೆಯನ್ನು ರಾಜನ ಕಡೆಯವರೇ ಕಡಿದರು.

ಹಾಗಾದರೆ ಆ ಪದ ಸುಳ್ಳಾ? ಪುಸ್ತಕಗಳಲ್ಲಿ ಓದಿದರೆ ಹಾಗೇ ಅನ್ನಿಸುತ್ತದೆ, ಯಾಕೆಂದರೆ 16ನೇ ಶತಮಾನದ ಫ್ರಾನ್ಸಿನಲ್ಲಿ ಧರ್ಮದ ಹೆಸರಿನಲ್ಲಿ ನಡೆದ ಈ ಯುದ್ಧಗಳನ್ನು ನಾವು ಯಾವಾಗಲೂ ಎರಡು ಬಣ್ಣದಲ್ಲಿ ನೋಡುತ್ತೇವೆ. ಒಂದು ಕಡೆ ಕ್ಯಾಥೊಲಿಕರು, ಇನ್ನೊಂದು ಕಡೆ ಹ್ಯೂಗೆನಾಟರು, ಅಂದರೆ ಫ್ರಾನ್ಸಿನ ಪ್ರಾಟೆಸ್ಟೆಂಟರು. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಈ ಮನೆಯವರನ್ನು ಧರ್ಮದ ಕಣ್ಣಿನಿಂದ ಮಾತ್ರ ನೋಡಿದರೆ ಗಾಳಿ ಬಂದ ಕಡೆ ತೂರಿಕೊಂಡವರ ಹಾಗೆ ಕಾಣುತ್ತಾರೆ. ಮನೆತನ, ನೆಂಟಸ್ತಿಕೆ, ತಮ್ಮ ಕೈಯಲ್ಲಿದ್ದ ಪ್ರಾಂತ್ಯ, ಇವುಗಳ ಕಣ್ಣಿನಿಂದ ನೋಡಿದರೆ ಅವರ ಒಂದೊಂದು ಹೆಜ್ಜೆಗೂ ಕಾರಣ ಸಿಗುತ್ತದೆ. ಎಲ್ಲಾ ಕಾರಣಗಳೂ ಒಳ್ಳೆಯವು ಅಂತ ನಾನು ಹೇಳುತ್ತಿಲ್ಲ.

ಮೊದಲು ನೆಂಟಸ್ತಿಕೆ ಸರಿಯಾಗಿ ತಿಳಿದುಕೊಳ್ಳೋಣ. ಇಲ್ಲಿ ಕನ್ನಡದಲ್ಲಿ ನಮಗೆ ಒಂದು ಅನುಕೂಲ ಇದೆ. ಫ್ರೆಂಚಿನಲ್ಲೂ ಇಂಗ್ಲಿಷಿನಲ್ಲೂ ದೊಡ್ಡಪ್ಪ, ಚಿಕ್ಕಪ್ಪ, ಮಾವ ಎಲ್ಲರಿಗೂ ಒಂದೇ ಪದ. ನಮಗೆ ಸೋದರಮಾವ ಅಂದರೆ ಸಾಕು, ಸಂಬಂಧದ ಬಿಸಿಯೇ ಬೇರೆ. ಆನ್‌ನ ಒಡಹುಟ್ಟಿದವಳು ಲೂಯಿಸ್. ಅವಳ ಗಂಡ ಕೊಲಿನ್ಯಿ ಮನೆಯವನು, 1522ರಲ್ಲಿ ತೀರಿಕೊಂಡ. ಆಗ ಮೂರು ಗಂಡುಮಕ್ಕಳೂ ಚಿಕ್ಕವರು. ಓಡೆಗೆ ಐದು ವರ್ಷ, ಗಾಸ್ಪಾರ್‌ಗೆ ಮೂರು ವರ್ಷ, ಫ್ರಾನ್ಸ್ವಾ ಇನ್ನೂ ಕೈಗೂಸು. ಇವರನ್ನು ದಡ ಸೇರಿಸಿದವನು ಸೋದರಮಾವ.

ಮಾವ ಸಣ್ಣ ಮನುಷ್ಯನಲ್ಲ. 1538ರಲ್ಲಿ ಅವನು ಫ್ರಾನ್ಸಿನ ಕಾನ್‌ಸ್ಟೇಬಲ್ ಆದ. ಕಾನ್‌ಸ್ಟೇಬಲ್ ಅಂದ ಕೂಡಲೇ ನಮಗೆ ಪೊಲೀಸ್ ಠಾಣೆ ನೆನಪಾಗುತ್ತದೆ, ಆದರೆ ಅಲ್ಲಿ ಆಗ ಅದು ಇಡೀ ಸೈನ್ಯದ ಮುಖ್ಯಸ್ಥನ ಪದವಿ, ರಾಜನ ನಂತರ ಕತ್ತಿ ಹಿಡಿಯುವ ಕೈ ಅವನದೇ. ಇಂಥ ಮಾವನ ಬಲದಿಂದ ದೊಡ್ಡ ಅಳಿಯ ಓಡೆ 16ನೇ ವಯಸ್ಸಿಗೇ, 1533ರಲ್ಲಿ, ಕಾರ್ಡಿನಲ್ ಆದ. ಎರಡನೆಯವನು ಗಾಸ್ಪಾರ್ ದ ಕೊಲಿನ್ಯಿ 1552ರಲ್ಲಿ ಅಡ್ಮಿರಲ್ ಆದ. ಮೂರನೆಯವನಿಗೆ, ದಾಂಡೆಲೋ ಅಂತ ಅವನನ್ನು ಕರೆಯುತ್ತಿದ್ದರು, ಕಾಲಾಳು ಸೈನ್ಯದ ಅಧಿಕಾರ ಸಿಕ್ಕಿತು. ಒಂದೇ ಮನೆಯ ಕೈಯಲ್ಲಿ ಸೈನ್ಯ, ನೌಕಾಪಡೆ, ಚರ್ಚು. ಇದನ್ನು ನೋಡಿ ಹೊಟ್ಟೆ ಉರಿದುಕೊಂಡವರು ಇನ್ನೊಂದು ದೊಡ್ಡ ಕ್ಯಾಥೊಲಿಕ್ ಮನೆತನ, ಗೀಸ್ ಮನೆಯವರು. ಈ ಎರಡು ಮನೆಗಳ ಪೈಪೋಟಿ ಧರ್ಮದ ಜಗಳಕ್ಕಿಂತ ಮುಂಚೆಯೇ ಶುರುವಾಗಿತ್ತು. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1557ರ ಆಗಸ್ಟ್. ಸಾಂ ಕಾಂತಾಂ ಅನ್ನೋ ಊರನ್ನು ಸ್ಪೇನಿನ ಸೈನ್ಯ ಮುತ್ತಿಕೊಂಡಿತ್ತು. ಊರೊಳಗೆ ಕೊಲಿನ್ಯಿ ಸಿಕ್ಕಿಹಾಕಿಕೊಂಡಿದ್ದ. ಅಳಿಯನನ್ನು ಬಿಡಿಸಲು ಮಾವ ಸೈನ್ಯ ತಗೊಂಡು ಹೊರಟ, 10ನೇ ತಾರೀಕು ತಾನೇ ಸೋತು ಸೆರೆಸಿಕ್ಕ. ಅದೇ ತಿಂಗಳ ಕೊನೆಗೆ ಊರೂ ಬಿತ್ತು, ಕೊಲಿನ್ಯಿಯೂ ಸೆರೆಯಾದ.

ಸೆರೆಮನೆಯಲ್ಲಿ ಮನುಷ್ಯ ಏನು ಮಾಡುತ್ತಾನೆ? ಓದುತ್ತಾನೆ. ದಾಂಡೆಲೋ ಮೊದಲೇ ಇಟಲಿಯ ಯುದ್ಧದಲ್ಲಿ ಸಿಕ್ಕಿಬಿದ್ದು ವರ್ಷಗಟ್ಟಲೆ ಮಿಲಾನ್‌ನಲ್ಲಿ ಕೂತಿದ್ದ. ಅಲ್ಲಿ ಪ್ರಾಟೆಸ್ಟೆಂಟ್ ಧರ್ಮಗುರು ಕ್ಯಾಲ್ವಿನ್‌ನ ಪಂಥದ ಪುಸ್ತಕ ಓದಿ ಮನಸ್ಸು ಬದಲಾಯಿಸಿಕೊಂಡು ಬಂದ. ರಾಜನ ಎದುರು ನಿಂತು ಕ್ಯಾಥೊಲಿಕರ ಬಲಿಪೂಜೆಯ, ಅಂದರೆ ಚರ್ಚಿನ ಮಾಸ್ ಪ್ರಾರ್ಥನೆಯ, ವಿರುದ್ಧ ಮಾತಾಡಿ 1558ರಲ್ಲಿ ಬಂಧನಕ್ಕೂ ಒಳಗಾದ. ಕೊಲಿನ್ಯಿ ಸೆರೆಯಲ್ಲಿದ್ದಾಗ ಜಿನೀವಾದಿಂದ ಸ್ವತಃ ಕ್ಯಾಲ್ವಿನ್ ಅವನಿಗೆ ಪತ್ರ ಬರೆದ. ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ಸೆರೆಮನೆಯಿಂದ ಒಂದೇ ನಂಬಿಕೆ ಹೊತ್ತು ಮನೆಗೆ ಬಂದರು. ನನ್ನನ್ನು ಈ ಕಥೆಗೆ ಎಳೆದಿದ್ದೇ ಈ ಸಂಗತಿ. ಯಾರೂ ಅವರಿಗೆ ಆಮಿಷ ಒಡ್ಡಿರಲಿಲ್ಲ. ಇರುವುದೆಲ್ಲ ಕಳೆದುಕೊಳ್ಳುವ ದಾರಿ ಅದು, ಅವರಿಗದು ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ 1559ರ ಜುಲೈನಲ್ಲಿ ಎರಡನೇ ಹೆನ್ರಿ ರಾಜ ಈಟಿಯಾಟದಲ್ಲಿ ಗಾಯಗೊಂಡು ಸತ್ತ. ಅವನ ಮಕ್ಕಳು ಇನ್ನೂ ಹುಡುಗರು. ಅಧಿಕಾರ ಗೀಸ್ ಮನೆಯವರ ಕೈಗೆ ಹೋಯಿತು. ಒಂದೂವರೆ ವರ್ಷದೊಳಗೆ ಹೊಸ ರಾಜನೂ ಸತ್ತ, ಆಮೇಲೆ ರಾಜಮಾತೆ ಕ್ಯಾಥರೀನ್ ದ ಮೆಡಿಚಿ ಎಲ್ಲರನ್ನೂ ತೂಗಿಸಿಕೊಂಡು ಹೋಗಲು ಹೊರಟಳು. ಹ್ಯೂಗೆನಾಟರು ಆಗ ದೇಶದ ಜನರಲ್ಲಿ ಸುಮಾರು ಹತ್ತನೇ ಒಂದು ಪಾಲು ಅಂತ ಇತಿಹಾಸಕಾರರ ಅಂದಾಜು. ದೊಡ್ಡ ಮನೆತನಗಳಲ್ಲಿ ಅವರ ಪಾಲು ಅದಕ್ಕಿಂತ ಜಾಸ್ತಿಯೇ ಇತ್ತು.

ಮುದುಕ ಕಾನ್‌ಸ್ಟೇಬಲ್‌ಗೆ ಇದು ಕಷ್ಟದ ಕಾಲ. ಅಳಿಯಂದಿರು ಹೊಸ ಧರ್ಮದಲ್ಲಿದ್ದಾರೆ. ಗೀಸ್‌ಗಳು ಹಳೆಯ ವೈರಿಗಳು, ಆದರೆ ಧರ್ಮ ಮಾತ್ರ ತನ್ನದೇ. 1561ರ ಈಸ್ಟರ್ ಹಬ್ಬದ ಮುಂಚಿನ ದಿನಗಳಲ್ಲಿ ಅರಮನೆಯಲ್ಲೇ ಹೊಸ ಧರ್ಮದ ಕಡೆ ವಾಲುವ ಪ್ರವಚನ ಕೇಳಿ ಅವನಿಗೆ ತಡೆಯಲಾಗಲಿಲ್ಲ. ಹೆಂಡತಿ ಮದ್ಲೆನ್ ಬಹಳ ದೈವಭಕ್ತೆ, ಅವಳೂ ಒತ್ತಾಯಿಸಿದಳು. ಬೇಡ ಅಪ್ಪಾ ಅಂತ ದೊಡ್ಡ ಮಗ ಫ್ರಾನ್ಸ್ವಾ ತಡೆದು ನೋಡಿದ. ಕೇಳಲಿಲ್ಲ. ಇಷ್ಟು ವರ್ಷ ಹಲ್ಲು ಮಸೆದಿದ್ದ ಗೀಸ್ ಡ್ಯೂಕನ ಜೊತೆ ಈಸ್ಟರ್ ದಿನ ಕೈಜೋಡಿಸಿದ. ಮಾರ್ಷಲ್ ಸಾಂಟಾಂದ್ರೆ ಮೂರನೆಯವನು. ಮೂವರ ಕೂಟ ಅಂತ ಅದಕ್ಕೆ ಹೆಸರು ಬಿತ್ತು.

ಅದೇ ಈಸ್ಟರ್ ಹಬ್ಬಕ್ಕೆ, ಆ ಕಡೆ ಬೊವೇ ಊರಿನಲ್ಲಿ, ದೊಡ್ಡ ಅಳಿಯ ಕಾರ್ಡಿನಲ್ ಓಡೆ ತನ್ನ ಮನೆಯಲ್ಲೇ ಹೊಸ ಧರ್ಮದ ಕ್ರಮದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಸಿದ. ಊರಿನ ಜನ ರೊಚ್ಚಿಗೆದ್ದು ಗಲಭೆಯೇ ಆಯಿತು. ಒಂದೇ ಹಬ್ಬ, ಒಂದೇ ಮನೆತನ. ಮನೆ ಒಡೆದದ್ದು ಯಾವಾಗ ಅಂತ ಕೇಳಿದರೆ ನಾನು ಆ ಹಬ್ಬದ ಕಡೆ ಬೆರಳು ತೋರಿಸುತ್ತೇನೆ.

ಆನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಒಳ್ಳೆಯ ಮನುಷ್ಯ ಅಂತ ನಾನು ಹೇಳಲಾರೆ. ಆ ಕಾಲದ ಬರಹಗಾರ ಬ್ರಾಂತೋಮ್ ಬರೆದಿಟ್ಟ ಒಂದು ಸಂಗತಿ ಇದೆ. ಕಾನ್‌ಸ್ಟೇಬಲ್ ದಿನಾ ಬೆಳಿಗ್ಗೆ ತಪ್ಪದೆ ಪ್ರಾರ್ಥನೆ ಹೇಳುತ್ತಿದ್ದ. ಕುದುರೆ ಮೇಲಿದ್ದರೂ ಬಾಯಲ್ಲಿ ಜಪ. ನಡುವೆ ನಿಲ್ಲಿಸಿ ಅವನನ್ನು ನೇಣು ಹಾಕಿ, ಇವನನ್ನು ಮರಕ್ಕೆ ಕಟ್ಟಿ, ಆ ಊರಿಗೆ ಬೆಂಕಿ ಇಡಿ ಅನ್ನುವುದು, ಮತ್ತೆ ಜಪ ಮುಂದುವರಿಸುವುದು. ಕಾನ್‌ಸ್ಟೇಬಲನ ಜಪದಿಂದ ದೇವರೇ ಕಾಪಾಡಬೇಕು ಅಂತ ಸೈನಿಕರ ಬಾಯಲ್ಲಿ ಮಾತಾಗಿತ್ತಂತೆ. 1548ರಲ್ಲಿ ಬೋರ್ಡೋ ಊರು ಉಪ್ಪಿನ ತೆರಿಗೆ ವಿರುದ್ಧ ಎದ್ದಾಗ ಅಲ್ಲಿನ ಜನರಿಗೆ ಅವನು ಕೊಟ್ಟ ಶಿಕ್ಷೆ ಓದಿದರೆ ಮೈ ನಡುಗುತ್ತದೆ. 1562ರಲ್ಲಿ ಪ್ಯಾರಿಸ್ಸಿನ ಪೊಪಾಂಕೂರ್ ಅನ್ನುವ ಕಡೆ ಹ್ಯೂಗೆನಾಟರ ಪ್ರಾರ್ಥನಾ ಮಂದಿರಕ್ಕೆ ಹೋಗಿ ಬೆಂಚುಗಳನ್ನೆಲ್ಲ ಹೊರಗೆ ರಾಶಿ ಹಾಕಿ ಸುಡಿಸಿದ. ಜನ ಅವನಿಗೆ ಬೆಂಚು ಸುಡುವ ಕ್ಯಾಪ್ಟನ್ ಅಂತ ಹೆಸರಿಟ್ಟರು.

ಅಷ್ಟರಲ್ಲಿ ಯುದ್ಧ ಶುರುವಾಗಿತ್ತು. 1562ರ ಮಾರ್ಚ್ 1ರಂದು ವಾಸ್ಸಿ ಊರಿನಲ್ಲಿ ಕೊಟ್ಟಿಗೆಯೊಂದರಲ್ಲಿ ಪ್ರಾರ್ಥನೆಗೆ ಸೇರಿದ್ದ ಹ್ಯೂಗೆನಾಟರನ್ನು ಗೀಸ್ ಡ್ಯೂಕನ ಜನ ಕೊಂದರು. ಕೋಂಡೆ ರಾಜಕುಮಾರ ಮತ್ತು ಕೊಲಿನ್ಯಿ ಆಯುಧ ಹಿಡಿದರು. ಈ ಕೋಂಡೆಯ ಹೆಂಡತಿ ಎಲೆಯೊನೋರ್ ಬೇರೆ ಯಾರೂ ಅಲ್ಲ, ಅದೇ ಲೂಯಿಸ್‌ಳ ಮೊಮ್ಮಗಳು, ಮೊದಲ ಮದುವೆಯ ಮಗಳ ಮಗಳು. ಎತ್ತ ತಿರುಗಿದರೂ ಇದೇ ಮನೆ.

ಆ ವರ್ಷ ಡಿಸೆಂಬರ್ 19ರಂದು ದ್ರೋ ಊರಿನ ಹತ್ತಿರ ನಡೆದ ಯುದ್ಧ ನೋಡಿ. ಕ್ಯಾಥೊಲಿಕ್ ಸೈನ್ಯದ ಮುಖ್ಯಸ್ಥ ಸೋದರಮಾವ. ಎದುರು ಪಡೆಯಲ್ಲಿ ಕೊಲಿನ್ಯಿ. ಮಾವ ಗಾಯಗೊಂಡು ಸೆರೆಸಿಕ್ಕ. ಅವನ ಮಗ ಗಾಬ್ರಿಯೆಲ್ ಅಲ್ಲೇ ಸತ್ತ. ಇನ್ನೊಬ್ಬ ಮಗ ದಾಂವೀಲ್ ಆ ಕಡೆಯ ನಾಯಕ ಕೋಂಡೆಯನ್ನೇ ಸೆರೆಹಿಡಿದ. ಒಂದೇ ದಿನದಲ್ಲಿ ಎರಡೂ ಸೈನ್ಯದ ನಾಯಕರು ಸೆರೆಯಾದರು. ಕಾನ್‌ಸ್ಟೇಬಲನನ್ನು ಓರ್ಲೆಯಾಂಗೆ ಕರೆದುಕೊಂಡು ಹೋದರು. ಅಲ್ಲಿ ಅವನನ್ನು ನೋಡಿಕೊಂಡವಳು ಎಲೆಯೊನೋರ್. ಗಂಡ ಇವನ ಮಗನ ಸೆರೆಯಲ್ಲಿ, ಇವನು ಅವಳ ಮನೆಯಲ್ಲಿ. ಆ ಮುದುಕನೂ ಆ ಹುಡುಗಿಯೂ ಊಟದ ಹೊತ್ತಿಗೆ ಏನು ಮಾತಾಡಿಕೊಂಡಿರಬಹುದು ಅಂತ ನಾನು ಬಹಳ ಸಲ ಯೋಚಿಸಿದ್ದೇನೆ. ಮುಂದಿನ ಮಾರ್ಚಿನಲ್ಲಿ ಶಾಂತಿಯ ಮಾತುಕತೆ ನಡೆದದ್ದು ಈ ಇಬ್ಬರು ಸೆರೆಯಾಳುಗಳ ನಡುವೆಯೇ. ಓರ್ಲೆಯಾಂ ಹತ್ತಿರ ನದಿಯ ನಡುವಿನ ಒಂದು ದ್ವೀಪಕ್ಕೆ ಇಬ್ಬರನ್ನೂ ಕರೆತಂದರು, ಅವರು ಕೂತು ಮಾತಾಡಿದರು.

ಇದರ ನಡುವೆ 1563ರ ಫೆಬ್ರವರಿಯಲ್ಲಿ ಗೀಸ್ ಡ್ಯೂಕನನ್ನು ಒಬ್ಬ ಹ್ಯೂಗೆನಾಟ್ ಗುಂಡಿಟ್ಟು ಕೊಂದಿದ್ದ. ಕೊಲ್ಲಿಸಿದವನು ಕೊಲಿನ್ಯಿ ಅಂತ ಗೀಸ್ ಮನೆಯವರು ಆರೋಪ ಹೊರಿಸಿದರು. ಈಗ ನೋಡಿ, ಇಲ್ಲಿ ಕಥೆ ತಿರುಗುತ್ತದೆ. ಮೊಂಮೊರಾನ್ಸಿ ಮನೆ ಪೂರ್ತಿ ಕೊಲಿನ್ಯಿಯ ಬೆನ್ನಿಗೆ ನಿಂತಿತು. ಮೊನ್ನೆ ಮೊನ್ನೆ ಅವನ ಎದುರು ಕತ್ತಿ ಹಿಡಿದಿದ್ದ ಮಾವನೂ ಸೇರಿ. ಯುದ್ಧದಲ್ಲಿ ಎದುರಾಳಿ ಸರಿ, ಆದರೆ ಹೊರಗಿನವರು ಬಂದು ನಮ್ಮ ಹುಡುಗನ ಮೇಲೆ ಕೈ ಮಾಡಿದರೆ ಸುಮ್ನೆ ಇರುವುದಿಲ್ಲ ಅನ್ನುವ ರೀತಿ. 1565ರ ಜನವರಿಯಲ್ಲಿ ಗೀಸ್ ಮನೆಯ ಲೊರೇನ್ ಕಾರ್ಡಿನಲ್ ಆಯುಧ ಹಿಡಿದ ಕಾವಲಿನವರ ಜೊತೆ ಪ್ಯಾರಿಸ್ ಒಳಗೆ ಬರಲು ಹೊರಟಾಗ, ಆಗ ಪ್ಯಾರಿಸ್ ಗವರ್ನರ್ ಆಗಿದ್ದ ಫ್ರಾನ್ಸ್ವಾ ದ ಮೊಂಮೊರಾನ್ಸಿ ತನ್ನ ಪಡೆ ಕಳಿಸಿ ಅಡ್ಡಗಟ್ಟಿದ. ಸಾಂ ದೆನಿ ಬೀದಿಯಲ್ಲಿ ಗುಂಡು ಹಾರಿದವು. ಕಾರ್ಡಿನಲ್ ಒಂದು ಮನೆಯೊಳಗೆ ಓಡಿ ಅವಿತುಕೊಳ್ಳಬೇಕಾಯಿತು. ಕೆಲವೇ ದಿನದಲ್ಲಿ ಕೊಲಿನ್ಯಿ ಅದೇ ಊರಿಗೆ ಬಂದಾಗ ಫ್ರಾನ್ಸ್ವಾ ಬರಮಾಡಿಕೊಂಡ. ಫ್ರಾನ್ಸ್ವಾ ಕ್ಯಾಥೊಲಿಕ್, ಬದುಕಿನುದ್ದಕ್ಕೂ ಕ್ಯಾಥೊಲಿಕ್.

ಹೀಗೆ ಮನೆ ಒಂದಾಗುತ್ತಿದೆ ಅನ್ನುವಷ್ಟರಲ್ಲಿ ಎರಡನೇ ಯುದ್ಧ. 1567ರ ನವೆಂಬರ್ 10, ಸಾಂ ದೆನಿ ಬಯಲು. ಕಾನ್‌ಸ್ಟೇಬಲ್‌ಗೆ 74 ವರ್ಷ. ಕುದುರೆ ಏರಿ ಬಂದ. ಎದುರಿಗೆ ಮತ್ತೆ ಕೋಂಡೆ ಮತ್ತು ಕೊಲಿನ್ಯಿ. ಹೋರಾಟದಲ್ಲಿ ಅವನ ಕತ್ತಿ ಮುರಿಯಿತು. ರಾಬರ್ಟ್ ಸ್ಟುವರ್ಟ್ ಅನ್ನೋ ಸ್ಕಾಟ್ಲೆಂಡಿನವನು ಶರಣಾಗು ಅಂದಾಗ, ಮುರಿದ ಕತ್ತಿಯ ಹಿಡಿಯಿಂದಲೇ ಅವನ ಮುಖಕ್ಕೆ ಗುದ್ದಿ ಹಲ್ಲು ಉದುರಿಸಿದನಂತೆ. ಅಷ್ಟರಲ್ಲಿ ಬೆನ್ನಿಗೆ ಗುಂಡು ಬಿತ್ತು. ಎರಡು ದಿನ ಬದುಕಿದ್ದ. ಸಾಯುವಾಗ ಧೈರ್ಯ ಹೇಳಲು ಬಂದ ಸನ್ಯಾಸಿಗೆ, ಸುಮಾರು 80 ವರ್ಷ ಬಾಳುವುದು ಗೊತ್ತಿದ್ದವನಿಗೆ ಕಾಲು ಗಂಟೆ ಸಾಯುವುದು ಗೊತ್ತಿರುವುದಿಲ್ಲವಾ ಅಂದನಂತೆ. ಅವನ ಹೃದಯವನ್ನು ಬೇರೆ ತೆಗೆದು ಪ್ಯಾರಿಸ್ಸಿನ ಒಂದು ಮಠದ ಚರ್ಚಿನಲ್ಲಿ ಎರಡನೇ ಹೆನ್ರಿ ರಾಜನ ಹೃದಯ ಇಟ್ಟಿದ್ದ ಕಡೆಯೇ ಇಟ್ಟರು.

ಆಮೇಲೆ ಒಬ್ಬೊಬ್ಬರೇ ಹೋದರು. ಕೋಂಡೆ 1569ರ ಮಾರ್ಚಿನಲ್ಲಿ ಯುದ್ಧದಲ್ಲಿ, ದಾಂಡೆಲೋ ಅದೇ ವರ್ಷ ಮೇ ತಿಂಗಳಲ್ಲಿ ಕಾಯಿಲೆಯಿಂದ.

ಕಾರ್ಡಿನಲ್ ಓಡೆಯ ಕಥೆ ಬೇರೆ. ಪೋಪ್ ಅವನನ್ನು 1563ರಲ್ಲಿ ಬಹಿಷ್ಕರಿಸಿದ್ದರು. ಮಾರನೆಯ ವರ್ಷ ಅವನು ಮದುವೆಯಾದ, ಅದೂ ಕಾರ್ಡಿನಲನ ಕೆಂಪು ನಿಲುವಂಗಿ ಉಟ್ಟೇ ಅಂತ ಹೇಳುತ್ತಾರೆ. 1568ರಲ್ಲಿ ಇಂಗ್ಲೆಂಡಿಗೆ ಓಡಿಹೋದ. 1571ರಲ್ಲಿ ಫ್ರಾನ್ಸಿಗೆ ವಾಪಸ್ಸು ಹೊರಟವನು ಕ್ಯಾಂಟರ್‌ಬರಿಯಲ್ಲಿ ತೀರಿಕೊಂಡ. ವಿಷ ಹಾಕಿದರು ಅಂತ ಮಾತು ಹಬ್ಬಿತ್ತು. ಅವನ ಗೋರಿ ಇವತ್ತಿಗೂ ಕ್ಯಾಂಟರ್‌ಬರಿ ಕ್ಯಾಥೆಡ್ರಲ್ ಒಳಗಿದೆ. ಸುತ್ತ ರಾಜರ, ಆರ್ಚ್‌ಬಿಷಪ್‌ಗಳ ಕೆತ್ತನೆಯ ಗೋರಿಗಳು. ಇವನದು ಇಟ್ಟಿಗೆ ಇಟ್ಟು ಗಾರೆ ಮೆತ್ತಿದ ಒಂದು ಉಬ್ಬು, ಅಷ್ಟೇ. ದೇಹವನ್ನು ಮುಂದೆ ಊರಿಗೆ ಒಯ್ಯಬಹುದು ಅಂತ ತಾತ್ಕಾಲಿಕವಾಗಿ ಕಟ್ಟಿದ್ದು. ನಾಲ್ಕೂವರೆ ಶತಮಾನ ಆಯಿತು, ಯಾರೂ ಒಯ್ಯಲಿಲ್ಲ.

ಕೊಲಿನ್ಯಿಯ ಸಾವು ಎಲ್ಲರಿಗೂ ಗೊತ್ತಿರುವುದೇ, ಸಂತ ಬಾರ್ತೊಲೊಮ್ಯು ಹಬ್ಬದ ದಿನ ಪ್ಯಾರಿಸ್ಸಿನಲ್ಲಿ ನಡೆದ ಹ್ಯೂಗೆನಾಟರ ಹತ್ಯಾಕಾಂಡ, 1572ರ ಆಗಸ್ಟ್ 24. ಅವನನ್ನು ಮಲಗುವ ಕೋಣೆಯಲ್ಲೇ ಇರಿದು ಕಿಟಕಿಯಿಂದ ಕೆಳಗೆ ಎಸೆದರು. ಹೆಣವನ್ನು ಬೀದಿಯಲ್ಲಿ ಎಳೆದಾಡಿ ಮೋಂಫೋಕೋನ್ ಅನ್ನುವ ಗಲ್ಲುಕಂಬಕ್ಕೆ ತೂಗುಹಾಕಿದರು. ರಾಜನೇ ಹೆದರಿಸಿದ್ದ ಕಾಲ ಅದು, ಹತ್ತಿರ ಸುಳಿಯಲು ಯಾರಿಗೂ ಧೈರ್ಯ ಇಲ್ಲ. ಆ ಹೆಣವನ್ನು ರಾತ್ರಿ ಹೊತ್ತಿನಲ್ಲಿ ಗುಟ್ಟಾಗಿ ಇಳಿಸಿ, ಶಾಂತಿಯೀ ಊರಿನ ತಮ್ಮ ಮನೆಗೆ ಸಾಗಿಸಿ ಮಣ್ಣು ಮಾಡಿಸಿದವನು ಕ್ಯಾಥೊಲಿಕ್ ಸೋದರಮಾವನ ಮಗ, ಅದೇ ಫ್ರಾನ್ಸ್ವಾ. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. ಎಷ್ಟೋ ದೊಡ್ಡ ಯುದ್ಧಗಳ ವಿವರ ಮರೆತುಹೋಗುತ್ತದೆ, ಇದು ಮರೆಯುವುದಿಲ್ಲ.

ಇಷ್ಟು ಹೇಳಿದಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯರು ಕೇಳಿದರು: "ಇದೆಲ್ಲ ಸರಿ ಸಾರ್, ಆದರೆ ದಾಂವೀಲ್? ಅವನು ಅವಕಾಶವಾದಿ ಅಲ್ವಾ?"

ಒಳ್ಳೆಯ ಪ್ರಶ್ನೆ. ದಾಂವೀಲ್ ಆನ್‌ನ ಎರಡನೇ ಮಗ, ಹೆಸರು ಹೆನ್ರಿ. ಈ ಕಥೆಯಲ್ಲಿ ಹೆನ್ರಿಗಳು ಜಾಸ್ತಿ, ಅದಕ್ಕೆ ಅವನನ್ನು ದಾಂವೀಲ್ ಅಂತಲೇ ಕರೆಯೋಣ. 1563ರಿಂದ ಅವನು ದಕ್ಷಿಣದ ಲಾಂಗ್‌ದೊಕ್ ಪ್ರಾಂತ್ಯದ ಗವರ್ನರ್. ಅಲ್ಲಿ ಹ್ಯೂಗೆನಾಟರು ಬಹಳ. ಶುರುವಿನಲ್ಲಿ ಅವರನ್ನು ಬಿಗಿಯಾಗಿ ಹತ್ತಿಕ್ಕಿದ. ಹತ್ಯಾಕಾಂಡದ ನಂತರವೂ, 1573ರಲ್ಲಿ, ರಾಜನ ಕಡೆಯಿಂದ ಸೊಮ್ಮಿಯೇರ್ ಅನ್ನೋ ಊರನ್ನು ಮುತ್ತಿ ಹಿಡಿದ. ಅವನ ಬಗ್ಗೆ ಹ್ಯೂಗೆನಾಟರಿಗೆ ನಂಬಿಕೆಯೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ.

1574ರಲ್ಲಿ ಎಲ್ಲ ತಲೆಕೆಳಗಾಯಿತು. ಪಿತೂರಿ ಅನ್ನುವ ಸಂಶಯದ ಮೇಲೆ ಅಣ್ಣ ಫ್ರಾನ್ಸ್ವಾನನ್ನು ಬಾಸ್ಟೀಲ್ ಕೋಟೆಗೆ ಹಾಕಿದರು. ದಾಂವೀಲ್‌ನ ಗವರ್ನರ್ ಪದವಿಯನ್ನೂ ಕಿತ್ತುಕೊಂಡರು. ಹೊಸ ರಾಜ ಮೂರನೇ ಹೆನ್ರಿ ಪೋಲೆಂಡಿನಿಂದ ಬರುವ ದಾರಿಯಲ್ಲಿ ಇಟಲಿಯ ಟುರಿನ್‌ಗೆ ಬಂದಾಗ ದಾಂವೀಲ್ ಅಲ್ಲಿಗೇ ಹೋಗಿ ಕಂಡ. ಪ್ರಯೋಜನ ಆಗಲಿಲ್ಲ. ವಾಪಸ್ಸು ಬಂದವನೇ ನವೆಂಬರಿನಲ್ಲಿ ಮೋಂಪೆಲ್ಯೇ ಊರಿನಿಂದ ಒಂದು ಪ್ರಕಟಣೆ ಹೊರಡಿಸಿದ. ದೇಶವನ್ನು ಹಾಳು ಮಾಡುತ್ತಿರುವವರು ರಾಜನ ಸುತ್ತ ಇರುವ ಹೊರದೇಶದವರು, ಎರಡೂ ಧರ್ಮದವರು ಒಟ್ಟಿಗೆ ಬಾಳಬೇಕು ಅಂತ ಅದರ ಸಾರಾಂಶ. ಮುಂದಿನ ವರ್ಷದ ಶುರುವಿನಲ್ಲಿ ನೀಮ್ ಊರಿನ ಸಭೆಯಲ್ಲಿ ಹ್ಯೂಗೆನಾಟರೂ ಅವನ ಕಡೆಯ ಕ್ಯಾಥೊಲಿಕರೂ ಸೇರಿ ಒಂದು ಒಕ್ಕೂಟ ಮಾಡಿಕೊಂಡರು. ತೆರಿಗೆ ತಾವೇ ಎತ್ತಿದರು, ನ್ಯಾಯ ತಾವೇ ಹೇಳಿದರು. ಹೆಚ್ಚುಕಡಿಮೆ ರಾಜ್ಯದೊಳಗೆ ಇನ್ನೊಂದು ರಾಜ್ಯ. ಆದರೆ ಹ್ಯೂಗೆನಾಟರು ಎಚ್ಚರದ ಜನ. ದಾಂವೀಲ್ ಒಬ್ಬನೇ ಏನೂ ತೀರ್ಮಾನ ಮಾಡಬಾರದು ಅಂತ ಅವನ ಸುತ್ತ ಒಂದು ಮಂಡಳಿ ಕೂರಿಸಿದರು. ಆ ಕಡೆ ಅವನ ತಮ್ಮ ತೊರೇ ಜರ್ಮನ್ ಕುದುರೆ ಸವಾರರನ್ನು ಕರೆತಂದು ಉತ್ತರದಲ್ಲಿ ಕಾದಾಡಿ ಸೋತ.

ಇದು ಅಧಿಕಾರದ ಆಸೆಯಾ? ಹೌದು, ಬಹುಮಟ್ಟಿಗೆ. ಪದವಿ ಕಿತ್ತುಕೊಳ್ಳದೆ ಇದ್ದಿದ್ದರೆ ಅವನು ಆ ಪ್ರಕಟಣೆ ಬರೆಸುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆದರೆ ಪೂರ್ತಿ ಅದೇ ಅಲ್ಲ. ಅಣ್ಣ ಬಾಸ್ಟೀಲ್‌ನಲ್ಲಿ ಜೀವಂತ ಉಳಿದದ್ದು, ತಮ್ಮ ದಕ್ಷಿಣದಲ್ಲಿ ಕತ್ತಿ ಹಿಡಿದು ನಿಂತಿದ್ದ ಅನ್ನೋ ಭಯದಿಂದಲೇ ಅಂತ ನಾನು ನಂಬುತ್ತೇನೆ. 1575ರ ಅಕ್ಟೋಬರಿನಲ್ಲಿ ಫ್ರಾನ್ಸ್ವಾನನ್ನು ಬಿಟ್ಟರು, ಸಂಧಾನಕ್ಕೆ ಅವನೇ ಬೇಕಾಗಿದ್ದ. 1576ರ ಶಾಂತಿ ಒಪ್ಪಂದದಲ್ಲಿ ಹ್ಯೂಗೆನಾಟರಿಗೆ ಅಲ್ಲಿಯವರೆಗೆ ಸಿಗದಷ್ಟು ಸ್ವಾತಂತ್ರ್ಯ ಸಿಕ್ಕಿತು.

ನನಗೆ ಸಮರ್ಥಿಸಲು ಆಗದೇ ಇರುವುದು 1577. ರಾಜನ ಜೊತೆ ಒಳಗೊಳಗೇ ರಾಜಿ ಮಾಡಿಕೊಂಡ ದಾಂವೀಲ್ ಹ್ಯೂಗೆನಾಟರ ಕೈಯಲ್ಲಿದ್ದ ಮೋಂಪೆಲ್ಯೇ ಊರನ್ನೇ ಮುತ್ತಿದ. ಮೂರು ವರ್ಷದ ಹಿಂದೆ ಪ್ರಕಟಣೆ ಹೊರಡಿಸಿದ್ದ ಅದೇ ಊರು. ಅದನ್ನು ಉಳಿಸಲು ಹೋರಾಡಿದವನು ಇಪ್ಪತ್ತು ವರ್ಷದ ಹುಡುಗ ಫ್ರಾನ್ಸ್ವಾ ದ ಶಾತಿಯೋನ್, ಕೊಲಿನ್ಯಿಯ ಮಗ. ಅಪ್ಪಂದಿರು ದ್ರೋದಲ್ಲಿ ಎದುರು ಬದುರು ನಿಂತ ಹಾಗೇ ಈಗ ಚಿಕ್ಕವರು. ಹುಡುಗ ಹೊರಗೆ ಹೋಗಿ ಸೈನ್ಯ ಕೂಡಿಸಿ ತಂದ, ಇನ್ನೇನು ಯುದ್ಧ ಅನ್ನುವಾಗ ಶಾಂತಿಯ ಸುದ್ದಿ ಬಂದು ಇಬ್ಬರೂ ಹಿಂದೆ ಸರಿದರು. ಆ ಸುದ್ದಿ ಒಂದು ದಿನ ತಡವಾಗಿದ್ದರೆ ಅಂತ ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

1579ರಲ್ಲಿ ಅಣ್ಣ ಸತ್ತು ದಾಂವೀಲ್ ಮೊಂಮೊರಾನ್ಸಿ ಡ್ಯೂಕ್ ಆದ. 1585ರಲ್ಲಿ ಗೀಸ್‌ಗಳ ಕ್ಯಾಥೊಲಿಕ್ ಲೀಗ್ ರಾಜನನ್ನೇ ಬಗ್ಗಿಸಿದಾಗ, ಅವನು ಹ್ಯೂಗೆನಾಟ್ ನಾಯಕ ನವಾರದ ಹೆನ್ರಿಯ ಜೊತೆ ಮತ್ತೆ ಕೈಜೋಡಿಸಿದ. ಈ ಸಲ ಬಿಡಲಿಲ್ಲ. ಹಳೆಯ ವೈರ ಎಷ್ಟು ಗಟ್ಟಿ ನೋಡಿ. 1561ರ ಒಂದು ಈಸ್ಟರ್ ಬಿಟ್ಟರೆ, ಗೀಸ್ ಮನೆಯವರು ಎತ್ತ ಇದ್ದರೋ ಅದರ ಎದುರಿಗೆ ಮೊಂಮೊರಾನ್ಸಿಗಳು ಹೋಗಿ ನಿಲ್ಲುತ್ತಿದ್ದರು. ನವಾರದ ಹೆನ್ರಿ 1589ರಲ್ಲಿ ನಾಲ್ಕನೇ ಹೆನ್ರಿ ರಾಜನಾದ. 1593ರ ಜುಲೈನಲ್ಲಿ ಕ್ಯಾಥೊಲಿಕ್ ಆದ. ಅದೇ ವರ್ಷದ ಕೊನೆಗೆ ದಾಂವೀಲ್‌ಗೆ ಅಪ್ಪನ ಕಾನ್‌ಸ್ಟೇಬಲ್ ಪದವಿ ಕೊಟ್ಟ. ಓದು ಬರಹದಲ್ಲಿ ದಾಂವೀಲ್ ಬಹಳ ಹಿಂದೆ. ಬರೆಯಲು ಬಾರದ ಕಾನ್‌ಸ್ಟೇಬಲ್ ಇಟ್ಟುಕೊಂಡೂ ತಾನು ಏನು ಬೇಕಾದರೂ ಸಾಧಿಸಬಲ್ಲೆ ಅಂತ ರಾಜ ಹೇಳುತ್ತಿದ್ದನಂತೆ. 1614ರಲ್ಲಿ ಅವನು ಲಾಂಗ್‌ದೊಕ್‌ನಲ್ಲೇ, ತಾನು ಐವತ್ತು ವರ್ಷ ಕೈಬಿಡದ ಪ್ರಾಂತ್ಯದಲ್ಲೇ ತೀರಿಕೊಂಡ.

ಇನ್ನು ಕೊನೆಯವನು. ದಾಂವೀಲ್‌ನ ಮಗ, ಅವನೂ ಹೆನ್ರಿ, 1595ರಲ್ಲಿ ಹುಟ್ಟಿದವನು. ಗಾಡ್‌ಫಾದರ್ ಸ್ವತಃ ನಾಲ್ಕನೇ 
ಹೆನ್ರಿ ರಾಜ. ಚೆಲುವ, ಧೈರ್ಯವಂತ, ಕೈ ಬಿಚ್ಚಿ ಕೊಡುವವನು. ಪಕ್ಕಾ ಕ್ಯಾಥೊಲಿಕ್. 1620ರ ದಶಕದ ದಂಗೆಗಳಲ್ಲಿ ಹ್ಯೂಗೆನಾಟರ ಮೇಲೆ ಯುದ್ಧ ಮಾಡಿದ, 1625ರಲ್ಲಿ ರೇ ದ್ವೀಪದ ಹತ್ತಿರ ಸಮುದ್ರದಲ್ಲಿ ಅವರ ಹಡಗುಗಳನ್ನು ಸೋಲಿಸಿದ. ಆ ಕಡೆ ಕೊಲಿನ್ಯಿಯ ಮೊಮ್ಮಗ ಪ್ರಾಟೆಸ್ಟೆಂಟ್ ಆಗಿದ್ದುಕೊಂಡೇ 1622ರಲ್ಲಿ ಏಗ್‌ಮೋರ್ತ್ ಕೋಟೆಯನ್ನು ರಾಜನಿಗೆ ಒಪ್ಪಿಸಿ ಮಾರ್ಷಲ್ ಪದವಿ ಪಡೆದಿದ್ದ. ಎರಡೂ ಕವಲುಗಳು ಈಗ ರಾಜನ ಕಡೆ.

ಆದರೆ ಈಗಿನ ರಾಜ ಹದಿಮೂರನೇ ಲೂಯಿ, ಅವನ ಮಂತ್ರಿ ಕಾರ್ಡಿನಲ್ ರಿಶೆಲ್ಯೂ. ದೊಡ್ಡ ಮನೆಗಳು ಪ್ರಾಂತ್ಯಗಳನ್ನು ಸ್ವಂತ ಹೊಲದ ಹಾಗೆ ಆಳುವುದು ರಿಶೆಲ್ಯೂಗೆ ಬೇಕಿರಲಿಲ್ಲ. ಲಾಂಗ್‌ದೊಕ್‌ನ ತೆರಿಗೆ ಎತ್ತುವ ಹಕ್ಕಿಗೆ ಕೈ ಹಾಕಿದ. 1632ರಲ್ಲಿ ರಾಜನ ತಮ್ಮ ಗಾಸ್ತೋನ್ ದಂಗೆ ಎದ್ದಾಗ ಹೆನ್ರಿ ಅವನ ಜೊತೆ ಸೇರಿದ. ಅಪ್ಪ ಇಂಥ ಹೊತ್ತಿನಲ್ಲಿ ಹ್ಯೂಗೆನಾಟರನ್ನು ಜೊತೆಗೆ ಕರೆದುಕೊಂಡಿದ್ದ, ಗೆದ್ದಿದ್ದ. ಮಗನ ಜೊತೆ ನೀಮ್, ಮೋಂಪೆಲ್ಯೇ ಊರುಗಳ ಹ್ಯೂಗೆನಾಟರು ಬರಲಿಲ್ಲ. ಯಾಕೆ ಬರುತ್ತಾರೆ? ಐದಾರು ವರ್ಷದ ಹಿಂದೆ ಅವರ ಮೇಲೆ ಕತ್ತಿ ಬೀಸಿದವನು ಇವನೇ.

ಸೆಪ್ಟೆಂಬರ್ 1ರಂದು ಕಾಸ್ತೆಲ್‌ನೋದಾರಿ ಹತ್ತಿರ ಯುದ್ಧ. ಅದು ಯುದ್ಧ ಅನ್ನುವುದಕ್ಕಿಂತ ಅರ್ಧ ಗಂಟೆಯ ಹುಚ್ಚು. ಹೆನ್ರಿ ಬೆರಳೆಣಿಕೆಯಷ್ಟು ಜನರ ಜೊತೆ ಹಳ್ಳ ಹಾರಿ ರಾಜನ ಸೈನ್ಯದೊಳಗೆ ನುಗ್ಗಿದ. ಮೈ ತುಂಬ ಗಾಯ, ಕುದುರೆ ಸತ್ತು ಬಿತ್ತು, ಅವನು ಸೆರೆಸಿಕ್ಕ. ಹಿಂದೆ ಇದ್ದ ಗಾಸ್ತೋನ್ ಮುಂದೆ ಬರಲೇ ಇಲ್ಲ. ತುಲೂಸ್ ನ್ಯಾಯಾಲಯ ಮರಣದಂಡನೆ ಕೊಟ್ಟಿತು. ರಾಜ ಅದೇ ಊರಿನಲ್ಲಿದ್ದ. ಜನ ಬೀದಿಯಲ್ಲಿ ನಿಂತು ಕ್ಷಮಿಸಿ ಕ್ಷಮಿಸಿ ಅಂತ ಕೂಗಿದರು. ಅಕ್ಕ ಶಾರ್ಲೊಟ್, ಕೋಂಡೆ ಮನೆಯ ಸೊಸೆ, ಬೇಡಿಕೊಂಡಳು. ರಾಜ ಕರಗಲಿಲ್ಲ. ಜನರ ಎದುರು ಕಡಿದರೆ ಗಲಭೆ ಆಗುತ್ತದೆ ಅಂತ ಊರ ಸಭಾಭವನ ಕಾಪಿತೋಲ್‌ನ ಒಳ ಅಂಗಳದಲ್ಲಿ, ಬಾಗಿಲು ಹಾಕಿಕೊಂಡು, ಅಕ್ಟೋಬರ್ 30ರಂದು ಅವನ ತಲೆ ಕಡಿದರು. ಆ ಅಂಗಳದಲ್ಲಿ ಗೋಡೆಯ ಮೇಲೆ ಒಂದು ಪ್ರತಿಮೆ ಇದೆ, ಇವತ್ತೂ ಇದೆ. ನಾಲ್ಕನೇ ಹೆನ್ರಿಯದು. ಗಾಡ್‌ಫಾದರಿನ ಪ್ರತಿಮೆಯ ಕೆಳಗೇ ಅವನು ಸತ್ತ. ಅವನಿಗೆ ಮಕ್ಕಳಿರಲಿಲ್ಲ.

ಶಾಂತಿಯೀ ಅರಮನೆ ಮುಂದೆ ಶಾರ್ಲೊಟ್ ಮೂಲಕ ಕೋಂಡೆಗಳಿಗೆ ಹೋಯಿತು. ದ್ರೋದಲ್ಲಿ ದಾಂವೀಲ್ ಸೆರೆಹಿಡಿದಿದ್ದನಲ್ಲ, ಆ ಕೋಂಡೆಯ ಮೊಮ್ಮಗನೇ ಶಾರ್ಲೊಟ್‌ಳ ಗಂಡ.

ಕೊನೆಯದಾಗಿ ಒಬ್ಬ ಹುಡುಗಿ ಕೇಳಿದಳು, ಆ ಮನೆಯದು ಏನಾದರೂ ಈಗ ನೋಡಲು ಸಿಗುತ್ತದಾ ಅಂತ. ಸಿಗುತ್ತದಮ್ಮಾ. ಎಕುವಾಂ ಅರಮನೆಯ ಅಂಗಳದಲ್ಲಿ ಒಂದು ಕಾಲಕ್ಕೆ ಮೈಕೆಲ್ಯಾಂಜೆಲೋ ಕೆತ್ತಿದ ಇಬ್ಬರು ಗುಲಾಮರ ಮೂರ್ತಿಗಳಿದ್ದವು. ರಾಜ ಆನ್‌ಗೆ ಕೊಟ್ಟ ಉಡುಗೊರೆ. ತಲೆ ಕಡಿಸಿಕೊಳ್ಳುವ ಮುಂಚೆ ಮೊಮ್ಮಗ ಹೆನ್ರಿ ಅವೆರಡನ್ನೂ ರಿಶೆಲ್ಯೂಗೆ ಬಿಟ್ಟುಕೊಟ್ಟ, ತನ್ನನ್ನು ಸಾವಿಗೆ ತಳ್ಳುತ್ತಿದ್ದ ಅದೇ ರಿಶೆಲ್ಯೂಗೆ. ಅವು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿವೆ. ತಾತ ಆನ್‌ನ ಹೃದಯ ಇಟ್ಟಿದ್ದ ಅಮೃತಶಿಲೆಯ ಕಂಬವೂ ಅದೇ ಕಟ್ಟಡದಲ್ಲಿದೆ. ಹೋದಾಗ ಎರಡನ್ನೂ ನೋಡಿ ಬಾ.